ನಿನ್ನೆವರೆಗೂ ಚೆನ್ನಾಗಿದ್ದ ನಾಯಿ ಇವತ್ತು ಏಳುತ್ತಿಲ್ಲ: ಉಣ್ಣಿ ಜ್ವರದ ಬಗ್ಗೆ ಒಂದು ಉತ್ತರ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಮನೆಯಲ್ಲಿ ಚುಕ್ಕಿ ಅಂತ ನಾಯಿ ಇದೆ, 5 ವರ್ಷ, 22 ಕೆಜಿ. ಭಾನುವಾರದವರೆಗೂ ತೋಟದಲ್ಲಿ ಓಡಾಡಿಕೊಂಡಿದ್ದಳು, ದಿಢೀರ್ ಅಂತ ಬಂತು. ಸೋಮವಾರ ಅನ್ನ ಮುಟ್ಟಲಿಲ್ಲ. ಮಂಗಳವಾರ ಮೈ ಸುಡುತ್ತಿತ್ತು. ಬುಧವಾರ ಬೆಳಿಗ್ಗೆ ಮೂಗಿನಿಂದ ರಕ್ತ ಬಂತು. ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ 31 ಸಾವಿರ, ಉಣ್ಣಿ ಜ್ವರ ಅಂದರು. ಡ್ರಿಪ್ ಹಾಕಿ, ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಒಂದು ವಾರದ ಹಿಂದೆ ಅವಳ ಕಿವಿಯಲ್ಲಿ ಎರಡು ಉಣ್ಣಿ ಕಂಡಿದ್ದವು, ಕಿತ್ತು ಹಾಕಿ ಸುಮ್ಮನಾದೆ. ಆಗಲೇ ತೋರಿಸಿದ್ದರೆ ಹೀಗಾಗುತ್ತಿರಲಿಲ್ಲ ಅಂತ ರಾತ್ರಿ ನಿದ್ದೆ ಬರುವುದಿಲ್ಲ. 9 ವರ್ಷದ ಮಗಳು ಚುಕ್ಕಿ ಪಕ್ಕದಿಂದ ಏಳುತ್ತಿಲ್ಲ. ನಮ್ಮ ಮನೆಯವರು ಇದಕ್ಕೆ ಎಷ್ಟು ಅಂತ ದುಡ್ಡು ಸುರಿಯೋದು ಅಂತಾರೆ. ಪಕ್ಕದ ಮನೆಯವರು ಮಂಗನ ಕಾಯಿಲೆ ಬಂದೀತು, ನಾಯಿನ ದೂರ ಬಿಟ್ಟು ಬನ್ನಿ ಅಂತಾರೆ. ಪರಂಗಿ ಎಲೆ ರಸ ಕೊಡಲೇ? ಚುಕ್ಕಿ ಬದುಕುತ್ತಾಳಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದನ್ನೆಲ್ಲ ನೀವು ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಓದುತ್ತೀರಿ. ಬದುಕುವ ಸಾಧ್ಯತೆ ಚೆನ್ನಾಗಿದೆ. ಊಟ ಬಿಟ್ಟ ಮೂರನೇ ದಿನಕ್ಕೇ ಮಾತ್ರೆ ಹೊಟ್ಟೆಗೆ ಬಿದ್ದಿದೆ. ಹೀಗೆ ಬೇಗ ಮದ್ದು ಸಿಕ್ಕ ನಾಯಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಆದರೆ ಒಂದು ಸಂಖ್ಯೆಯನ್ನು ನೀವು ಬರೆದಿಲ್ಲ. ರಕ್ತದ ವರದಿಯಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದೆ, ಕೆಲವು ಕಡೆ ಹೆಮಟೋಕ್ರಿಟ್ ಅಂತ ಬರೆದಿರುತ್ತಾರೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಹೇಳುವ ಸಂಖ್ಯೆ ಅದು. ಆರೋಗ್ಯವಾಗಿರುವ ನಾಯಿಗೆ 37ರಿಂದ 55ರವರೆಗೆ ಇರುತ್ತದೆ. ಚುಕ್ಕಿಯದ್ದು 30ರ ಮೇಲಿದ್ದರೆ ನಾನು ಸ್ವಲ್ಪ ನೆಮ್ಮದಿಯಿಂದ ಇರುತ್ತೇನೆ. 20ರ ಕೆಳಗಿದ್ದರೆ ನಿಮ್ಮ ವೈದ್ಯರ ಹತ್ತಿರ ಇವತ್ತೇ ಮತ್ತೆ ಮಾತಾಡಬೇಕು. ಪ್ಲೇಟ್‌ಲೆಟ್ ಸಂಖ್ಯೆ ನೋಡಿ ಎಲ್ಲರೂ ಹೆದರುತ್ತಾರೆ, ಡೆಂಗಿಯಿಂದಾಗಿ ನಮಗೆಲ್ಲ ಆ ಪದ ಪರಿಚಯ ಅಲ್ವಾ. ಆದರೆ ಈ ಕಾಯಿಲೆಯಲ್ಲಿ ನಾನು ಮೊದಲು ಪಿಸಿವಿ ನೋಡುತ್ತೇನೆ.

ಈಗ ಆ ಎರಡು ಉಣ್ಣಿಗಳ ವಿಷಯ. ನೀವು ಇದನ್ನು "ದಿಢೀರ್ ಅಂತ ಬಂತು" ಅನ್ನುತ್ತಿದ್ದೀರಿ, ಹಾಗೆ ಅನ್ನಿಸುವುದು ಸಹಜ. ಒಳಗೆ ನಡೆದದ್ದು ಬೇರೆ. ಈ ಜ್ವರ ತರುವುದು ಎರ್ಲಿಕಿಯಾ ಕೇನಿಸ್ ಅನ್ನುವ ಬ್ಯಾಕ್ಟೀರಿಯಾ. ಅದನ್ನು ಹೊತ್ತು ತರುವುದು ಕಂದು ಬಣ್ಣದ ನಾಯಿ ಉಣ್ಣಿ. ಉಣ್ಣಿ ಕಚ್ಚಿದ ಮೇಲೆ ಸಾಮಾನ್ಯವಾಗಿ 8ರಿಂದ 20 ದಿನ ಏನೂ ಕಾಣುವುದಿಲ್ಲ, ಆ ದಿನಗಳಲ್ಲಿ ಅದು ರಕ್ತದ ಬಿಳಿ ಕಣಗಳ ಒಳಗೆ ಸೇರಿಕೊಂಡು ಹೆಚ್ಚುತ್ತಾ ಹೋಗುತ್ತದೆ, ಆಮೇಲೆ ಜ್ವರ. ಕೆಲವು ನಾಯಿಗಳಲ್ಲಂತೂ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುತ್ತದೆ. ಲೆಕ್ಕ ಹಾಕಿ ನೋಡಿ. ವಾರದ ಹಿಂದೆ ನೀವು ಕಿತ್ತ ಆ ಎರಡು ಉಣ್ಣಿಗಳೇ ಈ ಜ್ವರ ತಂದವು ಅನ್ನುವುದು ಅನುಮಾನ. ಅದಕ್ಕಿಂತ ಮುಂಚೆ ಯಾವುದೋ ಒಂದು ಕಚ್ಚಿ, ರಕ್ತ ಕುಡಿದು, ಉದುರಿ ಹೋಗಿರಬಹುದು. ಮರಿ ಉಣ್ಣಿ ಸಾಸಿವೆ ಕಾಳಿಗಿಂತ ಚಿಕ್ಕದು. ಅದು ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಪಶುವೈದ್ಯ, ನನ್ನ ಮನೆಯ ನಾಯಿಗೇ ಈ ಜ್ವರ ಬಂದಿತ್ತು, ದಿನಾ ಕೈಯಾಡಿಸುವ ಮೈಯಲ್ಲಿ ನನಗೆ ಒಂದು ಉಣ್ಣಿಯೂ ಸಿಕ್ಕಿರಲಿಲ್ಲ. ಉಣ್ಣಿ ಕಂಡು ಕಿತ್ತಿರಿ, ಊಟ ಬಿಟ್ಟ ಮೂರನೇ ದಿನಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಇನ್ನೇನು ಮಾಡಬೇಕಿತ್ತು?

ನಾಯಿಗಳು ನೋವನ್ನು ಮುಚ್ಚಿಡುತ್ತವೆ ಅನ್ನುವುದೂ ನಿಜ. ಒಂದು ವಾರದಿಂದ ಸ್ವಲ್ಪ ಜಾಸ್ತಿ ಮಲಗುತ್ತಿದ್ದಳೇನೋ, ಮೆಟ್ಟಿಲು ಹತ್ತಲು ತಡ ಮಾಡುತ್ತಿದ್ದಳೇನೋ. ಈಗ ನೆನಪಿಸಿಕೊಂಡರೆ ಎಲ್ಲವೂ ಸೂಚನೆಯಂತೆ ಕಾಣುತ್ತದೆ. ಆವತ್ತು ಅದು ಸೆಕೆಗೆ ಮಲಗಿದ ನಾಯಿ ಅಷ್ಟೇ.

ದಿಢೀರ್ ಅಲ್ಲ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಿಧಾನಕ್ಕೆ ಬಂದ ಕಾಯಿಲೆ ಹೋಗುವುದೂ ನಿಧಾನಕ್ಕೆ. ಡಾಕ್ಸಿಸೈಕ್ಲಿನ್ ಶುರುವಾದ ಒಂದು, ಎರಡು, ಹೆಚ್ಚೆಂದರೆ ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಚುಕ್ಕಿ ಎದ್ದು ಬಾಲ ಅಲ್ಲಾಡಿಸುತ್ತಾಳೆ, ಅನ್ನ ತಿನ್ನುತ್ತಾಳೆ, ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಭಯ ಇರುವುದು ಆ ದಿನದ ಬಗ್ಗೆಯೇ. ಅವತ್ತಿನಿಂದ ಮಾತ್ರೆ ಒಂದು ಹೊತ್ತು ತಪ್ಪುತ್ತದೆ, ಆಮೇಲೆ ಎರಡು ಹೊತ್ತು, ಹತ್ತನೇ ದಿನಕ್ಕೆ ಪೂರ್ತಿ ನಿಲ್ಲುತ್ತದೆ. ಈ ಮಾತ್ರೆ 28 ದಿನ ಕೊಡಬೇಕು. ಒಬ್ಬ ಅಡಿಕೆ ಬೆಳೆಗಾರರು ನಾಲ್ಕು ತಿಂಗಳ ಹಿಂದೆ ಗುಣವಾಗಿದ್ದ ನಾಯಿಯನ್ನು ಮತ್ತೆ ನನ್ನ ಹತ್ತಿರ ತಂದರು. ಒಸಡು ಕಾಗದದ ಹಾಗೆ ಬೆಳ್ಳಗಿತ್ತು. ಕೇಳಿದರೆ "ಚೆನ್ನಾಗಿ ಆಡ್ತಿತ್ತಲ್ಲ ಡಾಕ್ಟ್ರೇ, ಮಾತ್ರೆ ಯಾಕೆ ಅಂತ ಬಿಟ್ಟೆ" ಅಂದರು. ಕಾಯಿಲೆ ಮೂಳೆಯ ಮಜ್ಜೆಗೆ ಇಳಿದಿತ್ತು. ರಕ್ತದ ಕಣಗಳು ಹುಟ್ಟುವ ಜಾಗ ಅದು. ಅಲ್ಲಿಗೆ ಹೋದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಆ ನಾಯಿ ಉಳಿಯಲಿಲ್ಲ.

ಹಾಗಾಗಿ ಮಾತ್ರೆ ಕೊಡುವ ಕೆಲಸವನ್ನು ಮಗಳ ಕೈಗೂ ಸ್ವಲ್ಪ ಕೊಡಿ. ಒಂದು ಕ್ಯಾಲೆಂಡರ್ ಹಾಳೆಯಲ್ಲಿ 28 ಮನೆ ಹಾಕಿ, ಪ್ರತಿ ಹೊತ್ತಿಗೂ ಅವಳೇ ಗುರುತು ಹಾಕಲಿ. ನಾಯಿಯ ಪಕ್ಕದಲ್ಲಿ ಕೈ ಕಟ್ಟಿ ಕೂತು ಅಳುವ ಮಗುವಿಗೆ ಮಾಡಲು ಒಂದು ಕೆಲಸ ಬೇಕು. ಮಾತ್ರೆಯ ಲೆಕ್ಕ ಸಾಮಾನ್ಯವಾಗಿ ದಿನಕ್ಕೆ ಕೆಜಿಗೆ 10 ಮಿಲಿಗ್ರಾಂ. ಚುಕ್ಕಿಗೆ ದಿನಕ್ಕೆ 200ರ ಆಸುಪಾಸು ಬರುತ್ತದೆ, ಬಹುಶಃ 100ರ ಮಾತ್ರೆ ಎರಡು ಹೊತ್ತು ಬರೆದಿರುತ್ತಾರೆ. ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯಲ್ಲಿ ಇದ್ದಂತೆಯೇ ಕೊಡಿ, ಅವಳನ್ನು ಕಣ್ಣಾರೆ ನೋಡಿದವರು ಅವರು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಮಾಡುತ್ತಾಳೆ. ನಮ್ಮ ಮನೆಗಳಲ್ಲಿ ಒಂದು ಅಭ್ಯಾಸ ಇದೆ, ಮಾತ್ರೆಯನ್ನು ಮೊಸರನ್ನದಲ್ಲಿ ಅಡಗಿಸಿ ಇಡುವುದು. ಈ ಮಾತ್ರೆಗೆ ಅದು ಬೇಡ. ಹಾಲು ಮೊಸರಿನ ಕ್ಯಾಲ್ಸಿಯಂ ಮದ್ದನ್ನು ಹಿಡಿದುಕೊಂಡು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಇಡ್ಲಿ ತುಂಡಿನಲ್ಲೋ, ಬೇಯಿಸಿದ ಮೊಟ್ಟೆಯಲ್ಲೋ ಇಟ್ಟು ಕೊಡಿ. ನುಂಗಿದ ಮೇಲೆ ಸ್ವಲ್ಪ ನೀರು ಕುಡಿಸಿ, ಮಾತ್ರೆ ಗಂಟಲಲ್ಲಿ ಅಂಟಿ ಕೂತರೆ ಅಲ್ಲಿ ಹುಣ್ಣಾಗುತ್ತದೆ. ಕೊಟ್ಟ ಕೂಡಲೇ ವಾಂತಿಯಲ್ಲಿ ಮಾತ್ರೆ ಹೊರಗೆ ಬಂದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ, ನೀವೇ ಇನ್ನೊಂದು ಕೊಡಬೇಡಿ.

ಚೀಟಿಯಲ್ಲಿ ಪ್ರೆಡ್ನಿಸೊಲೋನ್ ಅನ್ನುವ ಮಾತ್ರೆಯೂ ಇದೆಯಾ ನೋಡಿ. ಪ್ಲೇಟ್‌ಲೆಟ್ ತುಂಬ ಇಳಿದಾಗ ಕೆಲವು ನಾಯಿಗಳಿಗೆ ಕೊಡುತ್ತಾರೆ. ಇದ್ದರೆ ಅವಳು ಜಾಸ್ತಿ ನೀರು ಕುಡಿಯುತ್ತಾಳೆ, ಜಾಸ್ತಿ ಉಚ್ಚೆ ಮಾಡುತ್ತಾಳೆ, ಮನೆಯೊಳಗೂ ಮಾಡಬಹುದು, ಬೈಯಬೇಡಿ. ಅದನ್ನು ಒಮ್ಮೆಲೇ ನಿಲ್ಲಿಸಲೂಬಾರದು, ವೈದ್ಯರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಪರಂಗಿ ಎಲೆ ರಸದ ಬಗ್ಗೆ ವಾರಕ್ಕೆ ನಾಲ್ಕು ಜನ ಕೇಳುತ್ತಾರೆ. ಇಲ್ಲಿ ಪ್ಲೇಟ್‌ಲೆಟ್ ಇಳಿದಿರುವುದು ಬ್ಯಾಕ್ಟೀರಿಯಾದಿಂದ, ಅದನ್ನು ಕೊಲ್ಲುವುದು ಡಾಕ್ಸಿಸೈಕ್ಲಿನ್. ಆ ರಸ ತುಂಬ ಕಹಿ, ಬಲವಂತವಾಗಿ ಬಾಯಿಗೆ ಹಾಕಿದರೆ ಜೊಲ್ಲು ಸುರಿಸಿ ವಾಂತಿ ಮಾಡುತ್ತಾಳೆ, ಅದರ ಜೊತೆ ಮಾತ್ರೆಯೂ ಹೋಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಕೈ ಕಂಡರೇ ಬಾಯಿ ಬಿಗಿ ಹಿಡಿಯಲು ಕಲಿಯುತ್ತಾಳೆ. ಬೇಡ. ಮನೆಯಲ್ಲಿ ಇರುವ ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆಯಂತೂ ಬೇಡವೇ ಬೇಡ. ಪ್ಯಾರಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಯಾವುದೂ. ಇವುಗಳಲ್ಲಿ ಕೆಲವು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಪ್ಲೇಟ್‌ಲೆಟ್ 31 ಸಾವಿರ ಇರುವ ನಾಯಿಗೆ ಆ ರಕ್ತ ನಿಲ್ಲುವುದು ಕಷ್ಟ.

ಈಗ ರಾತ್ರಿಗಳ ಬಗ್ಗೆ. ನೀವು ಪಕ್ಕದಲ್ಲಿ ಕೂತು ಗಾಬರಿಯಿಂದ ಅವಳ ಮುಖವನ್ನೇ ನೋಡುತ್ತಾ ಇರುತ್ತೀರಿ ಅಂತ ಗೊತ್ತು. ಏನು ನೋಡಬೇಕು ಅಂತ ಗೊತ್ತಿದ್ದರೆ ಗಾಬರಿ ಅರ್ಧ ಇಳಿಯುತ್ತದೆ. ಮೇಲಿನ ತುಟಿ ಎತ್ತಿ ಒಸಡು ನೋಡಿ. ಸರಿಯಿದ್ದಾಗ ಅದು ಗುಲಾಬಿ ಬಣ್ಣ. ಬೆರಳಿನಿಂದ ಒತ್ತಿ ಬಿಡಿ, ಬೆಳ್ಳಗಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಮಲಗಿ ನಿದ್ದೆ ಮಾಡುವಾಗ ಎದೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ, 30ರ ಒಳಗೆ ಇದ್ದರೆ ಒಳ್ಳೆಯದು. ಇದನ್ನೂ ಮಗಳಿಗೆ ಕಲಿಸಬಹುದು. ಜ್ವರ ನೋಡಲು ಮೂಗು ಮುಟ್ಟಿ ಪ್ರಯೋಜನವಿಲ್ಲ. ಮೂಗು ಒಣಗಿದ್ದರೆ ಜ್ವರ ಅನ್ನುವುದು ಬರೀ ಮಾತು. ಡಿಜಿಟಲ್ ಥರ್ಮಾಮೀಟರ್ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದಲ್ಲಿ ಮೆಲ್ಲಗೆ ಇಟ್ಟು ನೋಡಬೇಕು, ಅದನ್ನು ಅವಳಿಗಾಗಿಯೇ ಬೇರೆ ಇಟ್ಟುಕೊಳ್ಳಿ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವಕ್ಕೆ ಮಾಮೂಲಿ. 104 ದಾಟಿದರೆ ಹೊಟ್ಟೆ, ಪಾದಗಳಿಗೆ ತಣ್ಣೀರಿನ ಬಟ್ಟೆ ಇಟ್ಟು ವೈದ್ಯರಿಗೆ ಫೋನ್ ಮಾಡಿ. ಐಸ್ ಬೇಡ.

ಮೂಗಿನಿಂದ ಮತ್ತೆ ರಕ್ತ ಬಂದರೆ ಮೊದಲು ಮನೆಯಲ್ಲಿ ಸದ್ದು ಕಡಿಮೆ ಮಾಡಿ. ಅವಳು ಗಾಬರಿಯಾದರೆ ರಕ್ತದೊತ್ತಡ ಏರಿ ಇನ್ನೂ ಜಾಸ್ತಿ ಬರುತ್ತದೆ. ಮೂಗಿನ ಮೇಲ್ಭಾಗಕ್ಕೆ ತಣ್ಣಗಿನ ಬಟ್ಟೆ ಇಡಿ, ಮೂಗಿನ ಹೊಳ್ಳೆಗೆ ಹತ್ತಿ ತುರುಕಬೇಡಿ, ಸೀನಿದರೆ ಹತ್ತಿ ಕಿತ್ತು ಬಂದು ಮತ್ತೆ ರಕ್ತ ಬರುತ್ತದೆ. ಕುತ್ತಿಗೆ ಪಟ್ಟಿ ಬಿಚ್ಚಿಡಿ. ಗಟ್ಟಿ ಮೂಳೆ ಬೇಡ, ಜಗಲಿಯಿಂದ ಹಾರಲು ಬಿಡಬೇಡಿ, ಬೇರೆ ನಾಯಿ ಜೊತೆ ಆಟ ಬೇಡ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಸಣ್ಣ ಪೆಟ್ಟಿಗೂ ಒಳಗೆ ರಕ್ತ ಹರಿಯುತ್ತದೆ.

ಕಾಯದೆ ಹೊರಡಬೇಕಾದ ಸಂದರ್ಭಗಳು ಇವು: ಒಸಡು, ನಾಲಿಗೆ ಬೆಳ್ಳಗಾದರೆ, ಮೂಗಿನ ರಕ್ತ 10 ನಿಮಿಷವಾದರೂ ನಿಲ್ಲದಿದ್ದರೆ, ಕಕ್ಕ ಟಾರಿನಂತೆ ಕಪ್ಪಾದರೆ, ಮಲಗಿದ್ದಾಗಲೂ ಉಸಿರು ನಿಮಿಷಕ್ಕೆ 40 ದಾಟಿದರೆ, ನಡೆಯುವಾಗ ತೂರಾಡಿದರೆ, ಫಿಟ್ಸ್ ಬಂದರೆ. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದನ್ನು ಬೇರೆಯಾಗಿಯೇ ಹೇಳಿ, ಯಾಕೆಂದರೆ ಅದು ಬೇರೆ ಕಾಯಿಲೆಯ ಗುರುತಾಗಿರಬಹುದು. ಉಣ್ಣಿ ಜ್ವರ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಮೂರು ನಾಲ್ಕು ಕಾಯಿಲೆಗಳಿವೆ. ಬಬೇಸಿಯಾ ಅನ್ನುವುದು ಕೆಂಪು ಕಣಗಳನ್ನು ಒಡೆಯುತ್ತದೆ, ಅದಕ್ಕೆ ಡಾಕ್ಸಿಸೈಕ್ಲಿನ್ ಒಂದೇ ಸಾಲದು, ಮದ್ದು ಬೇರೆ. ಕೆಲವೊಮ್ಮೆ ಎರಡೂ ಒಟ್ಟಿಗೆ ಬಂದಿರುತ್ತವೆ. ಮಾತ್ರೆ ಶುರುವಾಗಿ ಮೂರು ದಿನವಾದರೂ ಜ್ವರ ಇಳಿಯದಿದ್ದರೆ "ಬಬೇಸಿಯಾಗೆ ರಕ್ತದ ಸ್ಲೈಡ್ ನೋಡಿದ್ದೀರಾ?" ಅಂತ ಕೇಳಿ. ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ಲೈಡ್ ಅಂದರೆ ಗಾಜಿನ ಮೇಲೆ ಸವರಿದ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು, ಅದರಿಂದ ಇನ್ನೊಂದು ಲಾಭವೂ ಇದೆ. ಪ್ಲೇಟ್‌ಲೆಟ್‌ಗಳು ಗುಂಪಾಗಿ ಅಂಟಿಕೊಂಡರೆ ಯಂತ್ರ ಸರಿಯಾಗಿ ಎಣಿಸುವುದಿಲ್ಲ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಚುಕ್ಕಿಗೆ ಮೂಗಿನಿಂದ ರಕ್ತ ಬಂದಿರುವುದರಿಂದ ನಿಜವಾಗಿಯೂ ಕಡಿಮೆ ಇರಬಹುದು, ಆದರೂ ಕಣ್ಣಿನಿಂದ ನೋಡಿ ಹೇಳಿದ ಲೆಕ್ಕಕ್ಕೆ ಬೆಲೆ ಜಾಸ್ತಿ.

ಊಟದ ಬಗ್ಗೆ ಅಷ್ಟು ಚಿಂತೆ ಬೇಡ. ಎರಡು ದಿನ ಊಟ ಬಿಟ್ಟ ಮಾತ್ರಕ್ಕೆ ದೊಡ್ಡ ನಾಯಿಗೆ ಏನೂ ಆಗುವುದಿಲ್ಲ, ನೀರು ಬೇಕು. ದಿನಕ್ಕೆ ಕೆಜಿಗೆ 50 ಮಿಲಿ ಅಂದರೆ ಅವಳಿಗೆ ಒಂದು ಲೀಟರಿನ ಆಸುಪಾಸು. ಉಪ್ಪು ಖಾರ ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ನೀರನ್ನು ಉಗುರುಬೆಚ್ಚಗೆ ಮಾಡಿ ಇಟ್ಟರೆ ವಾಸನೆಗೇ ತಲೆ ಎತ್ತುತ್ತಾಳೆ. ನೀವು ಮಾಂಸ ಮಾಡದ ಮನೆಯವರಾದರೆ ಮೆತ್ತಗಿನ ಗಂಜಿ ಸಾಕು. ಅಂಗೈಯಲ್ಲಿ ಇಟ್ಟು ಹಿಡಿಯಿರಿ. ಮಲಗಿದ ನಾಯಿಯ ಬಾಯಿಗೆ ಸಿರಿಂಜಿನಲ್ಲಿ ಬಲವಂತವಾಗಿ ಗಂಜಿ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋದರೆ ಜ್ವರಕ್ಕಿಂತ ದೊಡ್ಡ ತೊಂದರೆ.

ಮಂಗನ ಕಾಯಿಲೆಯ ಮಾತಿಗೆ ಬರುತ್ತೇನೆ. ನಿಮ್ಮ ಸೀಮೆಯಲ್ಲಿ ಆ ಭಯಕ್ಕೆ ಕಾರಣ ಇದೆ. 1957ರಲ್ಲಿ ಆ ಕಾಯಿಲೆ ಮೊದಲು ಗೊತ್ತಾಗಿದ್ದೇ ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನೆರೆಯವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಅವರಿಗೆ ಹೀಗೆ ಹೇಳಿ: ಚುಕ್ಕಿಗೆ ಬಂದಿರುವುದು ಬ್ಯಾಕ್ಟೀರಿಯಾದ ಕಾಯಿಲೆ, ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೆ ಜಾತಿಯ ಉಣುಗು. ಚುಕ್ಕಿಯನ್ನು ಮುಟ್ಟುವುದರಿಂದ, ಪಕ್ಕದಲ್ಲಿ ಮಲಗುವುದರಿಂದ ಮಗಳಿಗೆ ಉಣ್ಣಿ ಜ್ವರ ಬರುವುದಿಲ್ಲ. ಹಾಗಂತ ಎಚ್ಚರವೇ ಬೇಡ ಅಂತಲ್ಲ. ನಾಯಿ ಕಾಡಿಗೆ ಹೋಗಿ ಬಂದರೆ ಮೈಮೇಲೆ ಬೇರೆ ಉಣುಗನ್ನೂ ಹೊತ್ತು ತರಬಹುದು. ಅದಕ್ಕೇ ಯಾವ ಉಣ್ಣಿಯನ್ನೂ ಬೆರಳಿನಲ್ಲಿ ಹಿಸುಕಬೇಡಿ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಿ, ಕೈ ತೊಳೆದುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ ನಾಯಿಗೆ ಉಣ್ಣಿ ಇತ್ತು, ತೋಟ ಕಾಡು ಓಡಾಡಿದ್ದೇವೆ ಅಂತ ಅವರ ಡಾಕ್ಟರಿಗೆ ಹೇಳಿ.

ಮನೆ ಮತ್ತು ಅಂಗಳದ ಉಣ್ಣಿಯನ್ನು ಹಾಗೇ ಬಿಟ್ಟರೆ ಈ ಜ್ವರ ಮತ್ತೆ ಬರುತ್ತದೆ, ಒಮ್ಮೆ ಬಂದರೆ ಇನ್ನೊಮ್ಮೆ ಬರುವುದಿಲ್ಲ ಅನ್ನುವ ರಕ್ಷಣೆ ಇದರಲ್ಲಿ ಇಲ್ಲ, ಇದಕ್ಕೆ ಲಸಿಕೆಯೂ ಇಲ್ಲ. ರಕ್ತ ಕುಡಿದ ಹೆಣ್ಣು ಉಣ್ಣಿ ಉದುರಿ, ಗೋಡೆಯ ಬಿರುಕಿಗೆ ಹತ್ತಿ, ಸಾವಿರಾರು ಮೊಟ್ಟೆ ಇಡುತ್ತದೆ. ಚುಕ್ಕಿ ಮಲಗುವ ಗೋಣಿಚೀಲವನ್ನು ಮೊದಲು ಸುಟ್ಟು ಹಾಕಿ. ಹೊಸದಾಗಿ ಹಾಸಿದ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ. ಕೊಟ್ಟಿಗೆ ಪಕ್ಕದ ಗೋಡೆಯ ಬಿರುಕುಗಳಿಗೆ ಸಿಮೆಂಟ್ ಮೆತ್ತಿಸಿ. ದನಕ್ಕೆ ಹಚ್ಚುವ ಉಣ್ಣಿ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹಚ್ಚಬೇಡಿ. ಸೀಮೆಎಣ್ಣೆ ಬೇಡ, ಹೊಗೆಸೊಪ್ಪಿನ ನೀರೂ ಬೇಡ, ನೆಕ್ಕಿಕೊಂಡರೆ ವಿಷವಾಗುತ್ತದೆ. ಈಗ ಉಣ್ಣಿ ಕೊಲ್ಲುವ ಮಾತ್ರೆಗಳಿವೆ. ಅಫಾಕ್ಸೊಲೇನರ್ ತಿಂಗಳಿಗೊಂದು, ಫ್ಲುರಲೇನರ್ ಸುಮಾರು 12 ವಾರಕ್ಕೊಂದು. ಅವಳಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಹೇಳಿಯೇ ತೆಗೆದುಕೊಳ್ಳಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಅದಕ್ಕೂ ಕೊಡಬೇಕು.

ಖರ್ಚಿನ ವಿಷಯದಲ್ಲಿ ನಿಮ್ಮ ಯಜಮಾನರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರಿಗೆ ಕಷ್ಟವಾಗುತ್ತಿರುವುದು ಎಷ್ಟಕ್ಕೆ ನಿಲ್ಲುತ್ತದೆ ಅಂತ ಗೊತ್ತಾಗದೆ ಇರುವುದು. ಅವರನ್ನೂ ಕರೆದುಕೊಂಡು ಹೋಗಿ ವೈದ್ಯರ ಎದುರಿಗೇ ಕೇಳಿ, ಇನ್ನೆಷ್ಟು ಪರೀಕ್ಷೆ, ಎಷ್ಟು ಆಗಬಹುದು ಅಂತ. ಡಾಕ್ಸಿಸೈಕ್ಲಿನ್ ದುಬಾರಿ ಮದ್ದಲ್ಲ. ದುಡ್ಡು ಹೋಗುವುದು ಡ್ರಿಪ್, ಪರೀಕ್ಷೆ, ರಕ್ತ ಹಾಕುವುದಕ್ಕೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ದೂರವೇನಲ್ಲ, ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿಗಿಂತ ಖರ್ಚು ಕಡಿಮೆ. ಬೇರೆ ಊರಿನಿಂದ ಓದುತ್ತಿರುವವರಿಗೆ ಬೆಂಗಳೂರಿನ ಹೆಬ್ಬಾಳ, ಹಾಸನ, ಬೀದರ್‌ನಲ್ಲೂ ಇಂಥ ಕಾಲೇಜುಗಳಿವೆ. ಪಿಸಿವಿ ತುಂಬ ಇಳಿದು ರಕ್ತ ಹಾಕಬೇಕಾಗಿ ಬಂದರೆ ಇನ್ನೊಂದು ನಾಯಿಯ ರಕ್ತ ಬೇಕು. ಲಸಿಕೆ ಹಾಕಿಸಿದ, ಆರೋಗ್ಯವಾಗಿರುವ, 25 ಕೆಜಿಗಿಂತ ದೊಡ್ಡ ನಾಯಿ ಯಾರ ಮನೆಯಲ್ಲಿದೆ ಅಂತ ಇವತ್ತೇ ಯೋಚಿಸಿ ಇಟ್ಟುಕೊಳ್ಳಿ. ಬೇಕಾಗಲಿಕ್ಕಿಲ್ಲ. ಬೇಕಾದರೆ ಆ ರಾತ್ರಿ ಹುಡುಕಲು ಹೊತ್ತು ಇರುವುದಿಲ್ಲ.

ಮಗಳಿಗೆ ಸುಳ್ಳು ಹೇಳಬೇಡಿ. "ಏನೂ ಆಗಲ್ಲ" ಅಂತ ಭಾಷೆ ಕೊಟ್ಟು, ಆಮೇಲೆ ಏನಾದರೂ ಆದರೆ ಮಗು ನಿಮ್ಮ ಮಾತನ್ನು ಮತ್ತೆ ನಂಬುವುದು ಕಷ್ಟ. "ಚುಕ್ಕಿಗೆ ಜೋರು ಜ್ವರ, ಮದ್ದು ಕೊಡ್ತಿದ್ದೇವೆ, ಗುಣ ಆಗಬಹುದು, ನನಗೂ ಭಯ ಆಗಿದೆ" ಅನ್ನಿ. ಶಾಲೆಗೆ ಕಳಿಸಿ, ಹೋಗುವ ಮುಂಚೆ ಬೆಳಗಿನ ಮಾತ್ರೆಗೆ ಅವಳೇ ಗುರುತು ಹಾಕಿ ಹೋಗಲಿ. ನೀವೂ ಮಲಗಬೇಕು. ರಾತ್ರಿ 2 ಗಂಟೆವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಯಜಮಾನರನ್ನೇ ಕೇಳಿ. ಖರ್ಚಿಗೆ ಗೊಣಗುವ ಎಷ್ಟೋ ಗಂಡಸರು ಮಧ್ಯರಾತ್ರಿ ನಾಯಿಯ ತಲೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದನ್ನು ನಾನು ನೋಡಿದ್ದೇನೆ.

ಇನ್ನು ಮೂರರಿಂದ ಐದು ದಿನಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಮದ್ದು ಹಿಡಿದಿದ್ದರೆ ಪ್ಲೇಟ್‌ಲೆಟ್ ಏರಲು ಶುರುವಾಗಿರುತ್ತದೆ, ಎರಡು ಲಕ್ಷದ ಮೇಲೆ ಬಂದರೆ ಸರಿಯಾದ ಮಟ್ಟ. 28 ದಿನ ಮುಗಿದ ಮೇಲೆ ಇನ್ನೊಮ್ಮೆ. ಅವತ್ತು ಯಾರಾದರೂ ಕಿಟ್ ಪರೀಕ್ಷೆ ಮಾಡಿ ಇನ್ನೂ ಪಾಸಿಟಿವ್ ಅಂದರೆ ಎದೆ ಒಡೆದುಕೊಳ್ಳಬೇಡಿ. ಆ ಕಿಟ್ ನೋಡುವುದು ಕಾಯಿಲೆಯ ವಿರುದ್ಧ ಹೋರಾಡಲು ದೇಹ ತಯಾರಿಸಿದ ಪ್ರತಿಕಾಯಗಳನ್ನು, ಕಾಯಿಲೆ ಹೋದ ಮೇಲೂ ಅವು ತಿಂಗಳುಗಟ್ಟಲೆ ರಕ್ತದಲ್ಲಿ ಇರುತ್ತವೆ. ಎರಡನೇ ವರದಿ ಬಂದ ಕೂಡಲೇ ನನಗೆ ಬರೆಯಿರಿ, ಪಿಸಿವಿ ಸಾಲನ್ನು ಎರಡೂ ವರದಿಗಳಿಂದ ಬರೆದು ಕಳಿಸಿ. ಇವತ್ತು ರಾತ್ರಿ ಒಸಡು ನೋಡಿದಾಗ ಯಾವ ಬಣ್ಣ ಇತ್ತು ಅನ್ನುವುದನ್ನೂ.